ಬೆನ್ನಿನ ಸೂಜಿಯ ನಂತರದ ಹತ್ತು ನಿಮಿಷ

"ಡಾಕ್ಟರ್, ಹೊಟ್ಟೆ ತೊಳಸಿದ ಹಾಗಾಗುತ್ತಿದೆ."

ಸಿಸೇರಿಯನ್ ಮೇಜಿನ ಮೇಲೆ ಮಲಗಿದ ಹೆಣ್ಣುಮಗಳು ಈ ಮಾತು ಆಡಿದಳೆಂದರೆ, ಅವಳ ತಲೆಯ ಬಳಿ ನಿಂತ ಅರಿವಳಿಕೆ ವೈದ್ಯರ ಕೈ ಆಗಲೇ ಸಿರಿಂಜಿನ ಕಡೆಗೆ ಹೋಗಿರುತ್ತದೆ. ಬೆನ್ನಿಗೆ ಸೂಜಿ ಹಾಕಿ ಮೂರೋ ನಾಲ್ಕೋ ನಿಮಿಷವಾಗಿರುತ್ತದೆ, ಅಷ್ಟೆ. ತೋಳಿಗೆ ಕಟ್ಟಿದ ಬಿಪಿ ಪಟ್ಟಿ ಗಾಳಿ ತುಂಬಿಕೊಂಡು, ನಿಧಾನವಾಗಿ ಬಿಟ್ಟು, ಸಂಖ್ಯೆ ತೋರಿಸುವುದಕ್ಕೆ ಸಮಯ ಬೇಕು. ತಾಯಿಯ ಮಾತು ಅದಕ್ಕಿಂತ ಮೊದಲು ಬರುತ್ತದೆ. ಒಂದು ಆಕಳಿಕೆ, ಬಿಳಿಚಿದ ತುಟಿ, "ಕಣ್ಣು ಕತ್ತಲೆ ಬರುತ್ತಿದೆ" ಎಂಬ ಸಣ್ಣ ದನಿ, ಎಲ್ಲವೂ ಹೇಳುವ ಸುದ್ದಿ ಒಂದೇ. ರಕ್ತದೊತ್ತಡ ಇಳಿಯುತ್ತಿದೆ.

ನಾನು ಅರಿವಳಿಕೆ ಕಲಿಯುತ್ತಿದ್ದಾಗ ನಮ್ಮ ಕ್ರಮ ಸರಳವಾಗಿತ್ತು. ಮೊದಲು ಒಂದು ಬಾಟಲಿ ಡ್ರಿಪ್ ಹರಿಸುವುದು, ಸೂಜಿ ಹಾಕುವುದು, ಬಿಪಿ ಬೀಳುತ್ತದೆಯೇ ಎಂದು ನೋಡುತ್ತ ನಿಲ್ಲುವುದು, ಬಿದ್ದ ಮೇಲೆ ಔಷಧಿ ಕೊಡುವುದು. ಎಷ್ಟೋ ತಾಯಂದಿರು ನನ್ನ ಎದುರಿನಲ್ಲೇ ವಾಂತಿ ಮಾಡಿಕೊಂಡಿದ್ದಾರೆ. "ಸಿಸೇರಿಯನ್‌ನಲ್ಲಿ ಇದು ಸಹಜ ಅಮ್ಮಾ, ಹೆದರಬೇಡಿ" ಎಂದು ನಾನೇ ಸಮಾಧಾನ ಹೇಳಿದ್ದೇನೆ. ಸಹಜ ನಿಜ, ಆದರೆ ಅನಿವಾರ್ಯವಾಗಿರಲಿಲ್ಲ. ಬೀಳುತ್ತದೆಂದು ಮೊದಲೇ ಗೊತ್ತಿರುವ ಒತ್ತಡವನ್ನು ಬೀಳುವವರೆಗೆ ಕಾದು ಎತ್ತುವುದೇಕೆ? ಇಪ್ಪತ್ತು ವರ್ಷಗಳಿಂದೀಚಿನ ಸಂಶೋಧನೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟಿದೆ. ಆ ಉತ್ತರ ನಮ್ಮ ಎಲ್ಲ ಹೆರಿಗೆ ಆಸ್ಪತ್ರೆಗಳನ್ನು ಇನ್ನೂ ತಲುಪಿಲ್ಲ.

ಯಾವ ಮುನ್ನೆಚ್ಚರಿಕೆಯೂ ಇಲ್ಲದೆ ಬೆನ್ನಿನ ಅರಿವಳಿಕೆ ಕೊಟ್ಟರೆ ಹತ್ತು ಗರ್ಭಿಣಿಯರಲ್ಲಿ ಏಳೆಂಟು ಮಂದಿಗೆ ರಕ್ತದೊತ್ತಡ ಕುಸಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 23.6 ಇತ್ತು. ಈ ಏರಿಕೆ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಆದರೆ ಮೂವರಲ್ಲಿ ಸುಮಾರು ಒಬ್ಬ ತಾಯಿ ಆ ಮೇಜಿನ ಮೇಲೆ ಮಲಗುತ್ತಾಳೆ, ಅವರಲ್ಲಿ ಬಹುಪಾಲು ತಾಯಂದಿರಿಗೆ ಬೆನ್ನಿನ ಅರಿವಳಿಕೆಯೇ ಸಿಗುತ್ತದೆ. ಹಾಗಾಗಿ ಇದು ಪರಿಣತರ ಸಭೆಗಳಿಗೆ ಬಿಟ್ಟುಬಿಡುವ ಸಂಗತಿಯಲ್ಲ, ಪ್ರತಿ ಊರಿನ, ಪ್ರತಿ ಮನೆಯ ವಿಷಯ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೆನ್ನಿನ ಅರಿವಳಿಕೆ ಕೆಟ್ಟದ್ದಲ್ಲ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬೀರ್ ಎಂಬ ಶಸ್ತ್ರವೈದ್ಯರು ಮೊದಲ ಬಾರಿಗೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಸೇರಿಸಿ ಶಸ್ತ್ರಚಿಕಿತ್ಸೆ ಮಾಡಿದಂದಿನಿಂದ ಈ ವಿಧಾನ ಬಹಳ ದೂರ ಬಂದಿದೆ. ಇಂದು ಗರ್ಭಿಣಿಗೆ ಪೂರ್ಣ ಪ್ರಜ್ಞೆ ತಪ್ಪಿಸಿ ಗಂಟಲಿಗೆ ಕೊಳವೆ ಹಾಕುವುದಕ್ಕಿಂತ ಇದು ಸಾಮಾನ್ಯವಾಗಿ ಸುರಕ್ಷಿತ. ಮಗು ಅತ್ತ ಕ್ಷಣವೇ ತಾಯಿಗೆ ಆ ಅಳು ಕೇಳುತ್ತದೆ. ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವಮಾನವೆಲ್ಲ ಸೊಂಟನೋವು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ಬಸಿರು, ಮಗುವನ್ನು ಎತ್ತಿ ಆಡಿಸುವುದು, ಬಗ್ಗಿ ಹಾಲೂಡಿಸುವುದು, ಇವೆಲ್ಲದರ ನೋವಿನ ಲೆಕ್ಕವನ್ನೂ ನಾವು ಆ ಸೂಜಿಯ ತಲೆಗೆ ಕಟ್ಟುತ್ತೇವೆ.

ನಲ್ಲಿಗಳೆಲ್ಲ ಒಮ್ಮೆಗೇ ತೆರೆದಾಗ

ಒತ್ತಡ ಬೀಳುವುದೇಕೆ? ಸಿಸೇರಿಯನ್‌ಗೆ ಹೊಟ್ಟೆಯಷ್ಟೇ ಮರಗಟ್ಟಿದರೆ ಸಾಲದು, ಎದೆಯ ಮಟ್ಟದವರೆಗೂ ಸಂವೇದನೆ ಹೋಗಬೇಕು. ಇಲ್ಲದಿದ್ದರೆ ಗರ್ಭಕೋಶವನ್ನು ಎಳೆದಾಗ ತಾಯಿಗೆ ತಿಳಿಯುತ್ತದೆ. ಅಷ್ಟು ಎತ್ತರಕ್ಕೆ ಔಷಧಿ ಏರಿದಾಗ ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ಸಿಂಪಥೆಟಿಕ್ ನರಗಳೂ ಮಲಗುತ್ತವೆ. ಕಾಲು, ಸೊಂಟ, ಹೊಟ್ಟೆಯ ರಕ್ತನಾಳಗಳು ಒಟ್ಟಿಗೇ ಸಡಿಲವಾಗುತ್ತವೆ.

ಬೇಸಿಗೆಯಲ್ಲಿ ನೀರು ಬಿಟ್ಟ ಹೊತ್ತಿಗೆ ಬೀದಿಯ ಎಲ್ಲ ಮನೆಗಳವರೂ ಒಟ್ಟಿಗೆ ನಲ್ಲಿ ತಿರುಗಿಸುವುದನ್ನು ನೆನೆಯಿರಿ. ಟ್ಯಾಂಕಿನಲ್ಲಿ ನೀರು ಇದೆ, ಆದರೂ ಕೊನೆಯ ಮನೆಯ ನಲ್ಲಿಯಲ್ಲಿ ಬರುವುದು ಬರೀ ಗಾಳಿ. ಸೂಜಿಯ ನಂತರದ ದೇಹದಲ್ಲಿ ಆಗುವುದೂ ಇದೇ. ರಕ್ತ ಎಲ್ಲಿಯೂ ಸೋರಿ ಹೋಗಿಲ್ಲ, ಕೊಳವೆಗಳು ಅಗಲವಾಗಿವೆ. ಮೊದಲ ನಿಮಿಷಗಳಲ್ಲಿ ಹೃದಯ ಎಂದಿಗಿಂತ ಹೆಚ್ಚೇ ರಕ್ತ ಹೊಮ್ಮಿಸುತ್ತಿರಬಹುದು, ಒತ್ತಡ ಮಾತ್ರ ನಿಲ್ಲುವುದಿಲ್ಲ.

ಆ ಬೀದಿಯ ಕೊನೆಯ ಮನೆ ಮಾಸು. ತುಂಬಿದ ಬಸಿರಿನಲ್ಲಿ ನಿಮಿಷಕ್ಕೆ ಸುಮಾರು 700 ಮಿಲಿಲೀಟರ್ ರಕ್ತ ಗರ್ಭಕೋಶಕ್ಕೆ ಹರಿಯುತ್ತದೆ. ಮಿದುಳಿಗೆ, ಮೂತ್ರಪಿಂಡಕ್ಕೆ ಒಂದು ಅನುಕೂಲವಿದೆ: ಒತ್ತಡ ಸ್ವಲ್ಪ ಏರಿಳಿದರೂ ತಮ್ಮ ನಾಳಗಳನ್ನು ಹಿಗ್ಗಿಸಿ ಕುಗ್ಗಿಸಿ ರಕ್ತದ ಹರಿವನ್ನು ಕಾಪಾಡಿಕೊಳ್ಳುತ್ತವೆ. ಗರ್ಭಕೋಶದ ನಾಳಗಳು ಆಗಲೇ ಪೂರ್ತಿ ಹಿಗ್ಗಿರುವುದರಿಂದ ಅಲ್ಲಿ ಅಂಥ ಉಪಾಯ ನಡೆಯುವುದಿಲ್ಲ. ತಾಯಿಯ ಒತ್ತಡ ಎಷ್ಟೋ ಮಗುವಿನ ಪಾಲು ಅಷ್ಟೇ.

ಇದರ ಮೇಲೆ ಇನ್ನೊಂದು ಭಾರ. ಅಂಗಾತ ಮಲಗಿದಾಗ ಮಗುವಿನ ತೂಕವೆಲ್ಲ ಬೆನ್ನುಮೂಳೆಯ ಮುಂದೆ ಹರಿಯುವ ದೊಡ್ಡ ಅಭಿಧಮನಿಯ ಮೇಲೆ ಕೂರುತ್ತದೆ, ಕಾಲುಗಳಿಂದ ಹೃದಯಕ್ಕೆ ಮರಳಬೇಕಾದ ರಕ್ತ ಕೆಳಗೇ ನಿಲ್ಲುತ್ತದೆ. "ಅಂಗಾತ ಮಲಗಬೇಡ, ಎಡಮಗ್ಗುಲಾಗು" ಎಂದು ನಮ್ಮ ಅಜ್ಜಿಯಂದಿರು ಬಸುರಿಗೆ ಹೇಳುತ್ತ ಬಂದ ಮಾತು ಈ ಅಂಗರಚನೆಗೆ ಸರಿಯಾಗಿ ಹೊಂದುತ್ತದೆ. ಎಚ್ಚರವಾಗಿರುವ ಬಸುರಿ ಉಸಿರು ಕಟ್ಟಿದರೆ ತಾನೇ ಮಗ್ಗುಲು ಬದಲಿಸುತ್ತಾಳೆ. ಸೊಂಟದ ಕೆಳಗೆ ಅಲುಗಾಡಲಾಗದ ತಾಯಿಗೆ ಅದನ್ನು ಬೇರೆಯವರು ಮಾಡಿಕೊಡಬೇಕು.

ಅದಕ್ಕಾಗಿಯೇ ಬಲಸೊಂಟದ ಕೆಳಗೆ ಒಂದು ದಿಂಬು ಇಟ್ಟು 15 ಡಿಗ್ರಿ ಎಡಕ್ಕೆ ವಾಲಿಸುವ ಪದ್ಧತಿ ದಶಕಗಳಿಂದ ಇದೆ. 2015ರಲ್ಲಿ ಜಪಾನಿನ ವೈದ್ಯರು ಗರ್ಭಿಣಿಯರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ನೋಡಿದಾಗ, 15 ಡಿಗ್ರಿ ವಾಲಿಸಿದರೂ ಆ ಅಭಿಧಮನಿ ಅಮುಕಿಕೊಂಡೇ ಇತ್ತು, 30 ಡಿಗ್ರಿಗೆ ಬಂದಾಗ ಬಿಡುಗಡೆ ಕಂಡಿತು. 30 ಡಿಗ್ರಿ ವಾಲಿದ ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ಮಾಡುವುದು ಕಷ್ಟ, ತಾಯಿ ಜಾರುವ ಭಯವೂ ಇದೆ. ಹಾಗಾದರೆ ದಿಂಬು ವ್ಯರ್ಥವೇ? ನಾನು ಹಾಗೆನ್ನುವುದಿಲ್ಲ. ಕೆಲವರಲ್ಲಿ ಅಷ್ಟು ವಾಲಿಕೆಯೂ ನೆರವಾಗುತ್ತದೆ, ಕೈಯಿಂದ ಗರ್ಭಕೋಶವನ್ನು ಎಡಕ್ಕೆ ಸರಿಸಿ ಹಿಡಿದರೆ ಇನ್ನೂ ಒಳ್ಳೆಯದು. ಆದರೆ ದಿಂಬು ಇಟ್ಟೆವು, ಮುಗಿಯಿತು ಎಂದು ನಂಬಿ ಕೂರುವ ಹಾಗಿಲ್ಲ.

ಟ್ಯಾಂಕ್ ತುಂಬಿಸುವುದೋ, ನಲ್ಲಿ ಬಿಗಿಯುವುದೋ

ಬಹುಕಾಲ ವೈದ್ಯರು ನಂಬಿದ್ದು ಟ್ಯಾಂಕ್ ತುಂಬಿಸುವ ದಾರಿಯನ್ನು. ಸೂಜಿಗೆ ಮೊದಲು ಒಂದು ಲೀಟರ್, ಒಂದೂವರೆ ಲೀಟರ್ ದ್ರಾವಣ. ತೊಂಬತ್ತರ ದಶಕದಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಹಚ್ಚಿದಾಗ ಪ್ರಯೋಜನ ಅಲ್ಪ ಎಂದು ತಿಳಿಯಿತು. ಮುಂಚಿತವಾಗಿ ಹರಿಸಿದ ಉಪ್ಪಿನ ದ್ರಾವಣ ಸೂಜಿ ಕೆಲಸ ಮಾಡುವ ಹೊತ್ತಿಗೆ ನಾಳಗಳಿಂದ ಆಚೆ ಸೋರಿ ಅಂಗಾಂಶ ಸೇರಿರುತ್ತದೆ. ಸೂಜಿ ಹಾಕುತ್ತಿರುವಾಗಲೇ ವೇಗವಾಗಿ ಹರಿಸುವುದು ಇದಕ್ಕಿಂತ ಉತ್ತಮ, ಆದರೂ ಅದೊಂದೇ ಸಾಲದು. ಡ್ರಿಪ್ ಮುಗಿಯಲಿ ಎಂದು ತುರ್ತು ಸಿಸೇರಿಯನ್ ಅನ್ನು ಇಪ್ಪತ್ತು ನಿಮಿಷ ತಡಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದ್ರಾವಣದ ಮಾತು ಬಂದಾಗ ಬಳ್ಳಾರಿ ನೆನಪಾಗದೆ ಇರುವುದಿಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ನಂತರ ಒಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ಆ ದುರಂತಕ್ಕೂ ಈ ಲೇಖನದ ವಿಷಯಕ್ಕೂ ನೇರ ಸಂಬಂಧವಿಲ್ಲ. ಆದರೆ ಡ್ರಿಪ್ ಎಂದರೆ ಬರೀ ನೀರು, ಎಷ್ಟು ಹರಿಸಿದರೂ ನಡೆಯುತ್ತದೆ ಎಂಬ ಉದಾಸೀನ ನಮ್ಮಲ್ಲಿ ಇತ್ತಲ್ಲ, ಅದು ಅಂದು ಅಲುಗಾಡಿತು. ದ್ರಾವಣವೂ ಔಷಧಿಯೇ, ಅದಕ್ಕೂ ಅಳತೆ ಇದೆ. ಅದರಲ್ಲೂ ರಕ್ತಹೀನತೆ ಇರುವ ತಾಯಿಗೆ, ಗರ್ಭಾವಸ್ಥೆಯ ರಕ್ತದೊತ್ತಡ ಇರುವ ತಾಯಿಗೆ ಹೆಚ್ಚಿನ ದ್ರಾವಣ ಶ್ವಾಸಕೋಶಕ್ಕೆ ಹೊರೆಯಾಗಬಲ್ಲದು.

ಇನ್ನುಳಿದದ್ದು ನಲ್ಲಿ ಬಿಗಿಯುವ ದಾರಿ, ಅಂದರೆ ರಕ್ತನಾಳಗಳನ್ನು ಮತ್ತೆ ಕುಗ್ಗಿಸುವ ಔಷಧಿ. ಇಲ್ಲಿಯೇ ವೈದ್ಯಕೀಯ ತನ್ನನ್ನು ತಾನು ತಿದ್ದಿಕೊಂಡ ಅಪರೂಪದ ಕಥೆಯಿದೆ.

1974ರಲ್ಲಿ ಅಮೆರಿಕದ ಸಂಶೋಧಕರು ಗಬ್ಬದ ಕುರಿಗಳ ಮೇಲೆ ನಾಲ್ಕು ಔಷಧಿಗಳನ್ನು ಪರೀಕ್ಷಿಸಿದರು. ಎಫಿಡ್ರಿನ್, ಮೆಫೆಂಟರ್ಮಿನ್, ಮೆಟರಾಮಿನಾಲ್, ಮೆಥಾಕ್ಸಮಿನ್. ಗರ್ಭಕೋಶದ ರಕ್ತದ ಹರಿವನ್ನು ಚೆನ್ನಾಗಿ ಉಳಿಸಿದ್ದು ಎಫಿಡ್ರಿನ್. ನಾಳಗಳನ್ನು ನೇರವಾಗಿ ಬಿಗಿಯುವ ಮೆಥಾಕ್ಸಮಿನ್ ಆ ಹರಿವನ್ನೂ ಕಡಿತಗೊಳಿಸಿತು. ಅಲ್ಲಿಂದ ಮುಂದೆ ಸುಮಾರು ಮೂರು ದಶಕ ಹೆರಿಗೆ ಕೊಠಡಿಯ ಪಾಠ ಒಂದೇ ಆಗಿತ್ತು. ಗರ್ಭಿಣಿಗೆ ಎಫಿಡ್ರಿನ್ ಕೊಡಿ, ನಾಳ ಬಿಗಿಯುವ ಔಷಧಿಗಳ ಗುಂಪನ್ನು ಮುಟ್ಟಬೇಡಿ. ಅದೇ ಗುಂಪಿನ ಫಿನೈಲ್‌ಎಫ್ರಿನ್ ಆ ನಾಲ್ಕರ ಪಟ್ಟಿಯಲ್ಲಿ ಇರಲೇ ಇಲ್ಲ, ಬಂಧುವಿನ ತಪ್ಪಿಗೆ ಅದಕ್ಕೂ ಬಹಿಷ್ಕಾರ ಬಿತ್ತು.

ಹೆಣ್ಣುಮಕ್ಕಳಲ್ಲಿ ನೇರವಾಗಿ ಹೋಲಿಸಿ ನೋಡಿದಾಗ ಚಿತ್ರ ತಿರುಗಿತು. ಎಫಿಡ್ರಿನ್ ಪಡೆದ ತಾಯಂದಿರ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಮ್ಲೀಯತೆ ಹೆಚ್ಚು ಕಂಡಿತು. ಕಾರಣವನ್ನು ಹಾಂಗ್‌ಕಾಂಗ್‌ನ ಅರಿವಳಿಕೆ ತಜ್ಞ ವಾರಿಕ್ ಎನ್‌ಗಾನ್ ಕೀ ಮತ್ತು ಸಂಗಡಿಗರು 2009ರಲ್ಲಿ ಬಿಡಿಸಿ ತೋರಿಸಿದರು. ತಾಯಿಯ ರಕ್ತದಲ್ಲಿನ ಎಫಿಡ್ರಿನ್ ಪ್ರಮಾಣವನ್ನು 1 ಎಂದುಕೊಂಡರೆ ಹೊಕ್ಕುಳಬಳ್ಳಿಯಲ್ಲಿ ಅದು 1.13 ಇತ್ತು, ಅಂದರೆ ಪೂರ್ತಿ ಮಾಸನ್ನು ದಾಟಿತ್ತು. ಫಿನೈಲ್‌ಎಫ್ರಿನ್ ಬರೀ 0.17. ದಾಟಿ ಹೋದ ಎಫಿಡ್ರಿನ್ ಒಳಗಿರುವ ಮಗುವಿನ ಚಯಾಪಚಯವನ್ನೇ ಕೆರಳಿಸುತ್ತದೆ. ಕುರಿಯ ಪ್ರಯೋಗ ಸುಳ್ಳಾಗಿರಲಿಲ್ಲ, ಅದು ರಕ್ತದ ಹರಿವನ್ನು ಮಾತ್ರ ಅಳೆದಿತ್ತು. ಮಗುವಿನ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿರಲಿಲ್ಲ.

ಅದೇ ತಂಡದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತಲೂ ಮುಖ್ಯ, ಏಕೆಂದರೆ ಅದು ತಾಯಿಯ ಸಂಕಟವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. 2004ರಲ್ಲಿ 75 ತಾಯಂದಿರನ್ನು ಮೂರು ಗುಂಪು ಮಾಡಿ, ಫಿನೈಲ್‌ಎಫ್ರಿನ್ ಹರಿಸುತ್ತ, ಒಂದು ಗುಂಪಿನ ಒತ್ತಡವನ್ನು ಸೂಜಿಗೆ ಮೊದಲಿದ್ದ ಮೂಲ ಮಟ್ಟದ ಶೇ. 100ರಲ್ಲಿ, ಇನ್ನೊಂದನ್ನು ಶೇ. 90ರಲ್ಲಿ, ಮತ್ತೊಂದನ್ನು ಶೇ. 80ರಲ್ಲಿ ಇರಿಸಲು ಯತ್ನಿಸಿದರು. ವಾಕರಿಕೆ, ವಾಂತಿ ಕಂಡದ್ದು ಮೊದಲ ಗುಂಪಿನ ಶೇ. 4 ಮಂದಿಗೆ, ಎರಡನೆಯದರ ಶೇ. 16 ಮಂದಿಗೆ, ಮೂರನೆಯದರ ಶೇ. 40 ಮಂದಿಗೆ. ಇದನ್ನು ಓದಿದ ದಿನ ನಾನು "ಸಹಜ ಅಮ್ಮಾ" ಎಂದು ಹೇಳಿದ ಮುಖಗಳೆಲ್ಲ ಕಣ್ಣ ಮುಂದೆ ಬಂದವು.

2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಒಮ್ಮತದ ಸಲಹೆ ಹೊರಡಿಸಿದರು. ಸೂಜಿ ಹಾಕಿದ ತಕ್ಷಣ, ಒತ್ತಡ ಬೀಳುವ ಮೊದಲೇ, ಫಿನೈಲ್‌ಎಫ್ರಿನ್ ಅನ್ನು ನಿಮಿಷಕ್ಕೆ 25ರಿಂದ 50 ಮೈಕ್ರೊಗ್ರಾಂ ವೇಗದಲ್ಲಿ ಆರಂಭಿಸಿ. ಬಿಪಿಯ ಮೇಲಿನ ಅಂಕಿ ತಾಯಿಯ ಮೂಲ ಮಟ್ಟದ ಶೇ. 90ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ, ಶೇ. 80ಕ್ಕೆ ಇಳಿಯಲು ಬಿಡಲೇಬೇಡಿ. ಉದಾಹರಣೆಗೆ ಮೊದಲು 120 ಇದ್ದ ತಾಯಿಗೆ 108ರ ಆಸುಪಾಸಿನಲ್ಲಿ ಎಚ್ಚೆತ್ತುಕೊಳ್ಳಬೇಕು, 96 ಎಂದರೆ ಆಗಲೇ ತಡವಾಗಿದೆ. "ಬಿಪಿಯ ಅಂಕಿ 90ಕ್ಕಿಂತ ಮೇಲಿದೆ, ಪರವಾಗಿಲ್ಲ" ಎನ್ನುವ ನಮ್ಮ ಹಳೆಯ ರೂಢಿ ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಮೂಲ ಮಟ್ಟ ಯಾವುದೆಂದು ತಿಳಿಯಲು ಮೊದಲು ಸರಿಯಾಗಿ ಅಳೆದಿರಬೇಕು ಎಂಬುದೂ ಇದರೊಳಗೇ ಇದೆ. ಶಸ್ತ್ರಚಿಕಿತ್ಸಾ ಕೊಠಡಿಯ ಬೆಳಕಿಗೆ, ಉಪಕರಣಗಳ ಸದ್ದಿಗೆ ಹೆದರಿದ ತಾಯಿಯ ಒಂದೇ ಒಂದು ಅಳತೆ ಮೂಲ ಮಟ್ಟವಾಗಲಾರದು.

ಫಿನೈಲ್‌ಎಫ್ರಿನ್‌ಗೂ ಕುಂದಿದೆ. ನಾಳ ಬಿಗಿದಾಗ ಹೃದಯ ತನ್ನ ಬಡಿತವನ್ನು ತಗ್ಗಿಸಿಕೊಳ್ಳುತ್ತದೆ. ನಾಡಿ ತೀರ ಕೆಳಗಿಳಿದು ಒತ್ತಡವೂ ಕಡಿಮೆಯಾದರೆ ಆಗ ಎಫಿಡ್ರಿನ್‌ಗೇ ಮರಳಬೇಕು, ಕೆಲವೊಮ್ಮೆ ನಾಡಿ ಏರಿಸುವ ಆಟ್ರೊಪಿನ್ ಅಥವಾ ಗ್ಲೈಕೊಪಿರೊಲೇಟ್ ಬೇಕಾಗುತ್ತದೆ. ನಾಳ ಬಿಗಿದರೂ ಹೃದಯವನ್ನು ಅಷ್ಟು ನಿಧಾನಗೊಳಿಸದ, ದೇಹದಲ್ಲಿಯೂ ತಯಾರಾಗುವ ನಾರ್‌ಅಡ್ರಿನಲಿನ್ ಅನ್ನು ಬಹಳ ತೆಳುವಾಗಿಸಿ ಕೊಡುವ ಪ್ರಯತ್ನ 2015ರಿಂದ ಬಿರುಸಾಗಿದೆ, ಇದರಲ್ಲೂ ಮುಂದಿದ್ದವರು ಹಾಂಗ್‌ಕಾಂಗ್‌ನ ಅದೇ ತಂಡ. ಬೆನ್ನಿಗೆ ಹಾಕುವ, ಮರಗಟ್ಟಿಸುವ ಔಷಧಿ ಬುಪಿವಕೇನ್ ಪ್ರಮಾಣವನ್ನು ತಗ್ಗಿಸಿ ನೋವು ನಿವಾರಕ ಫೆಂಟನಿಲ್ ಸ್ವಲ್ಪ ಬೆರೆಸುವುದು, ವಾಂತಿ ತಡೆಯುವ ಆಂಡಾನ್ಸೆಟ್ರಾನ್ ಮುಂಚಿತವಾಗಿ ಕೊಡುವುದು, ಕಾಲುಗಳಿಗೆ ಬಿಗಿಯಾಗಿ ಪಟ್ಟಿ ಸುತ್ತುವುದು, ಇವೂ ಒಂದಿಷ್ಟು ನೆರವಾಗುತ್ತವೆ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ

ಹೀಗೆಲ್ಲ ತಿಳಿದಿದ್ದರೂ ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಈಗಲೂ ಮೊದಲು ಕೈಗೆ ಬರುವುದು ಮೆಫೆಂಟರ್ಮಿನ್. 1974ರ ಆ ನಾಲ್ಕರಲ್ಲಿ ಒಂದು. ಎಫಿಡ್ರಿನ್‌ನಂತೆಯೇ ದೇಹದಲ್ಲಿ ಕೂಡಿಟ್ಟ ನಾರ್‌ಅಡ್ರಿನಲಿನ್ ಅನ್ನು ಹೊರಗೆ ತಳ್ಳಿ ಕೆಲಸ ಮಾಡುವ ಔಷಧಿ ಇದು. ಕೂಡಿಟ್ಟದ್ದು ತೀರುತ್ತ ಬಂದಂತೆ ಮುಂದಿನ ಸಲದ ಪರಿಣಾಮ ಕುಗ್ಗುತ್ತದೆ. ಪಾಶ್ಚಾತ್ಯ ದೇಶಗಳ ಹೆರಿಗೆ ಕೊಠಡಿಗಳಲ್ಲಿ ಇದು ಹೆಚ್ಚುಕಡಿಮೆ ಮರೆತ ಹೆಸರು. ಇಲ್ಲಿ ಅದು ಅಗ್ಗ, ಕೈಗೆ ಸಿಗುತ್ತದೆ, ತೆಳುವಾಗಿಸುವುದು ಸುಲಭ, ಹಿರಿಯರು ಕಲಿಸಿದ್ದು. ಮೆಫೆಂಟರ್ಮಿನ್ ಕೊಡುವ ವೈದ್ಯರು ತಪ್ಪು ಮಾಡುತ್ತಿದ್ದಾರೆ ಎಂದು ನಾನು ಹೇಳಲಾರೆ. ಬಿದ್ದ ಒತ್ತಡವನ್ನು ಅದು ಎತ್ತುತ್ತದೆ. ನನ್ನ ತಕರಾರು ಔಷಧಿಗಿಂತ ಹೆಚ್ಚಾಗಿ ಆ ಕಾಯುವಿಕೆಯ ಬಗ್ಗೆ.

ಬದಲಾವಣೆ ಏಕೆ ನಿಧಾನ ಎಂಬುದಕ್ಕೆ ಒಂದು ಸಣ್ಣ ಗಾಜಿನ ಆಂಪೂಲ್ ಸಾಕ್ಷಿ. ಫಿನೈಲ್‌ಎಫ್ರಿನ್ ಸಾಮಾನ್ಯವಾಗಿ ಬರುವುದು ಒಂದು ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೊಗ್ರಾಂ. ತಾಯಿಗೆ ಒಂದು ಸಲಕ್ಕೆ ಬೇಕಾದದ್ದು 50ರಿಂದ 100 ಮೈಕ್ರೊಗ್ರಾಂ. ಆಂಪೂಲನ್ನು 100 ಮಿಲಿಲೀಟರ್ ಸಲೈನ್ ಬಾಟಲಿಗೆ ಸೇರಿಸಿದರೆ ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ, ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ಕರೆ ಬಂದಾಗ, ಒಬ್ಬರೇ ವೈದ್ಯರು ಸಿರಿಂಜಿನಲ್ಲಿ ಎರಡು ಹಂತದಲ್ಲಿ ತೆಳುವಾಗಿಸಲು ಹೋಗಿ ಒಂದು ಸೊನ್ನೆ ತಪ್ಪಿದರೆ ತಾಯಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಈ ಭಯ ನಿಜವಾದದ್ದು. ಬಳಸಲು ಸಿದ್ಧವಾಗಿರುವ, ಮೊದಲೇ ತೆಳುವಾಗಿಸಿದ ಸಿರಿಂಜುಗಳನ್ನು ಹೆರಿಗೆ ಆಸ್ಪತ್ರೆಗಳಿಗೆ ಒದಗಿಸುವುದು, ಔಷಧಿಯನ್ನು ಗೊತ್ತುಮಾಡಿದ ವೇಗದಲ್ಲಿ ಹರಿಸುವ ಸಿರಿಂಜ್ ಪಂಪ್ ಒಂದನ್ನು ಆ ಕೊಠಡಿಯಿಂದ ಆಚೆ ಹೋಗದಂತೆ ಇಡುವುದು, ಇವು ದೊಡ್ಡ ಯಂತ್ರಗಳ ಉದ್ಘಾಟನೆಯಷ್ಟು ಸುದ್ದಿಯಾಗುವುದಿಲ್ಲ. ತಾಯಂದಿರಿಗೆ ಹೆಚ್ಚು ಉಪಯೋಗವಾಗುವುದು ಮಾತ್ರ ಇವೇ.

ಪಂಪ್ ಇಲ್ಲದಿದ್ದರೂ ಮುಂಚಿತವಾಗಿ ನಡೆಯಬಹುದು. ತೆಳುವಾಗಿಸಿ, ಹೆಸರು ಮತ್ತು ಪ್ರಮಾಣದ ಚೀಟಿ ಅಂಟಿಸಿದ ಸಿರಿಂಜ್ ಸೂಜಿಗೆ ಮೊದಲೇ ಕೈಗೆಟುಕುವಂತಿರಲಿ. ಬಿಪಿ ಯಂತ್ರವನ್ನು ಐದು ನಿಮಿಷದ ಬದಲು ಒಂದು ನಿಮಿಷಕ್ಕೆ ಇಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಒತ್ತಡ ತೀವ್ರವಾಗಿ ಕುಸಿಯುವುದೇ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ, ಆ ಅವಧಿಯಲ್ಲಿ ಐದು ನಿಮಿಷಕ್ಕೊಮ್ಮೆ ನೋಡುವುದೆಂದರೆ ಎರಡೋ ಮೂರೋ ಸಲ ಮಾತ್ರ ನೋಡಿದ ಹಾಗೆ.

ಅರಿವಳಿಕೆ ತಜ್ಞರ ಕೊರತೆಯನ್ನು ತುಂಬಲು ಕೇಂದ್ರ ಸರ್ಕಾರ ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ರೂಪಿಸಿತು. ಹಳ್ಳಿಗಾಡಿನ ತಾಯಂದಿರ ಜೀವ ಉಳಿಸಿದ ಯೋಜನೆ ಅದು. ಆದರೆ ಹಾಗೆ ತರಬೇತಾದ ವೈದ್ಯರಿಗೆ ನಂತರದ ಹೊಸ ತಿಳಿವಳಿಕೆಯನ್ನು ಮುಟ್ಟಿಸುವ ಏರ್ಪಾಡು ಬೇಕು. ಅವರಲ್ಲಿ ಒಬ್ಬರು ನನಗೆ ಹೇಳಿದರು: "ಮೇಡಂ, ನನ್ನ ಪಕ್ಕದಲ್ಲಿ ಕೇಳುವುದಕ್ಕೆ ಇನ್ನೊಬ್ಬ ಅರಿವಳಿಕೆಯವರು ಇಲ್ಲ. ಕಲಿತದ್ದನ್ನೇ ಮಾಡುತ್ತೇನೆ." ಇದಕ್ಕೆ ಆ ವೈದ್ಯರನ್ನು ದೂರುವುದು ಅನ್ಯಾಯ.

ಕೆಲವು ಸಂದರ್ಭಗಳನ್ನು ಪ್ರತ್ಯೇಕವಾಗಿ ಹೇಳಬೇಕು. ಬಸಿರಿನಲ್ಲಿ ಬಿಪಿ ಏರಿದ ತಾಯಿಗೆ ಬೆನ್ನಿನ ಅರಿವಳಿಕೆ ಕೊಟ್ಟರೆ ಒತ್ತಡ ಪಾತಾಳಕ್ಕೆ ಹೋಗುತ್ತದೆ ಎಂಬ ಹಳೆಯ ಭಯ ಸರಿಯಲ್ಲ. ಅವರಲ್ಲಿ ಕುಸಿತ ಆರೋಗ್ಯವಂತ ಗರ್ಭಿಣಿಯರಿಗಿಂತ ಕಡಿಮೆಯೇ, ಔಷಧಿಯೂ ಕಡಿಮೆ ಸಾಕು.

ಮಗು ಹೊರಬಂದ ಮೇಲೆ ಇನ್ನೊಂದು ಕುಸಿತ ಬರಬಹುದು. ಗರ್ಭಕೋಶ ಬಿಗಿಯಲೆಂದು ಕೊಡುವ ಆಕ್ಸಿಟೋಸಿನ್ ಅನ್ನು ಒಮ್ಮೆಗೇ ರಭಸದಿಂದ ಸಿರೆಗೆ ತಳ್ಳಿದರೆ ಒತ್ತಡ ಧಡಕ್ಕನೆ ಇಳಿಯುತ್ತದೆ. 2001ರಲ್ಲಿ ಪ್ರಕಟವಾದ ಬ್ರಿಟನ್ನಿನ ತಾಯಂದಿರ ಮರಣಗಳ ವಿಚಾರಣಾ ವರದಿ 10 ಯೂನಿಟ್ ಒಟ್ಟಿಗೆ ಕೊಡುವ ಅಪಾಯದ ಕಡೆ ಬೆರಳು ತೋರಿದ ಮೇಲೆ ಅಲ್ಲಿ ಆ ಪದ್ಧತಿ ಬದಲಾಯಿತು. ಕಡಿಮೆ ಪ್ರಮಾಣ, ನಿಧಾನ, ಉಳಿದದ್ದು ಡ್ರಿಪ್‌ನಲ್ಲಿ.

ಮತ್ತು ಎಲ್ಲ ಕುಸಿತವೂ ಸೂಜಿಯದಲ್ಲ. ಒತ್ತಡ ಇಳಿಯುತ್ತ ನಾಡಿ ಏರುತ್ತ ಹೋದರೆ, ಔಷಧಿ ಕೊಟ್ಟರೂ ಮತ್ತೆ ಮತ್ತೆ ಬಿದ್ದರೆ, ರಕ್ತಸ್ರಾವ ಹುಡುಕಬೇಕು, ಸೂಜಿಯ ಮೇಲೆ ಹೊರಿಸಿ ಸುಮ್ಮನಿರುವುದು ಪ್ರಾಣಾಪಾಯ. ಬೆರಳುಗಳು ಜುಮ್ಮೆಂದು, ಕೈ ಹಿಡಿತ ಸಡಿಲವಾಗಿ, ಮಾತು ಪಿಸುದನಿಗೆ ಇಳಿದರೆ ಅರಿವಳಿಕೆ ಅತಿ ಎತ್ತರಕ್ಕೆ ಏರಿದೆ ಎಂದು ತಿಳಿದು ಉಸಿರಾಟಕ್ಕೆ ನೆರವಾಗಬೇಕು.

ಇಷ್ಟು ಓದಿ ಹೆದರುವ ಗರ್ಭಿಣಿಯರಿಗೆ ಒಂದು ಮಾತು. ಆರೋಗ್ಯವಂತ ಮಗು ತಾಯಿಯ ಒಂದೆರಡು ನಿಮಿಷದ ಒತ್ತಡದ ಇಳಿತವನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕುಸಿತ ಬಹಳ ಹೊತ್ತು ಉಳಿದಾಗ, ಅಥವಾ ಮಗು ಆಗಲೇ ಬಳಲಿದ್ದಾಗ, ತೊಂದರೆ ಹೆಚ್ಚು. ನಿಮ್ಮ ಕೈಯಲ್ಲಿಯೂ ಒಂದಿಷ್ಟು ಇದೆ. ನಿಗದಿಯಾದ ಸಿಸೇರಿಯನ್‌ಗೆ ಹಿಂದಿನ ರಾತ್ರಿಯ ಊಟದ ನಂತರ ಹನಿ ನೀರೂ ಮುಟ್ಟಬಾರದು ಎಂದು ಮನೆಯವರು ಕಟ್ಟುನಿಟ್ಟು ಮಾಡುತ್ತಾರೆ, ಸರದಿ ಬರುವಾಗ ಮಧ್ಯಾಹ್ನವಾಗಿರುತ್ತದೆ. ಬೇರೆ ತೊಡಕುಗಳಿಲ್ಲದವರು ಎರಡು ಗಂಟೆ ಮೊದಲಿನವರೆಗೂ ನೀರು ಕುಡಿಯಬಹುದು ಎಂಬುದು ಇಂದಿನ ಸಲಹೆ, ನಿಮ್ಮ ವೈದ್ಯರನ್ನು ಕೇಳಿ. ಅಂಗಾತ ಮಲಗಿದಾಗ ನಿಮಗೆ ತಲೆ ಸುತ್ತುತ್ತಿತ್ತೇ, ಹಿಂದಿನ ಹೆರಿಗೆಯಲ್ಲಿ ಬಿಪಿ ಬಿದ್ದಿತ್ತೇ, ಹೃದಯದ ತೊಂದರೆ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಇದನ್ನೆಲ್ಲ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಮೇಜಿನ ಮೇಲೆ ಸಂಕೋಚ ಬೇಡ. ವೈದ್ಯರು ಕೆಲಸದಲ್ಲಿದ್ದಾರೆ, ತೊಂದರೆ ಕೊಡಬಾರದು ಎಂದು ಹಲ್ಲು ಕಚ್ಚಿ ಸುಮ್ಮನೆ ಮಲಗಿದ ಎಷ್ಟೋ ತಾಯಂದಿರನ್ನು ನಾನು ನೋಡಿದ್ದೇನೆ. ತಲೆ ಹಗುರವಾದರೆ, ಹೊಟ್ಟೆ ತೊಳಸಿದರೆ, ಕಿವಿ ಗುಂಯ್ ಎಂದರೆ ಆ ಕ್ಷಣವೇ ಹೇಳಿ. ಮುಂದಿನ ಅಳತೆಗೆ ಪಟ್ಟಿ ಇನ್ನೂ ಗಾಳಿ ತುಂಬಿಕೊಳ್ಳುತ್ತಿರುತ್ತದೆ.